ಬಾಯಿ ಉರಿದರೆ ಮೆಣಸಿನಕಾಯಿಯನ್ನು ದೂರಬೇಡಿ



ಖಾರದ ವಿಷಯದಲ್ಲಿ ಬ್ಯಾಡಗಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರೊಟ್ಟಿಯ ಜೊತೆ ಕೆಂಪು ಹಿಂಡಿ, ರಂಜಕ ತಿಂದು ಬೆಳೆದ ಬಾಯಿ ನಮ್ಮದು. ಅದಕ್ಕಾಗಿಯೇ ಈ ಲೇಖನದಲ್ಲಿ ಒಂದು ಮಾತನ್ನು ಮೊದಲಿಗೇ ಹೇಳಿಬಿಡುತ್ತೇನೆ. ಹುಟ್ಟಿದಾಗಿನಿಂದ ಖಾರ ತಿಂದ ಬಾಯಿಗೆ ಇದ್ದಕ್ಕಿದ್ದಂತೆ ಖಾರ ತಾಳದಂತಾದರೆ ತಪ್ಪು ಮೆಣಸಿನಕಾಯಿಯದಲ್ಲ. ಬಾಯಿಯೊಳಗೆ ಏನೋ ಬದಲಾಗಿದೆ ಎಂದು ತಿಳಿಯಬೇಕು.

ಕೆಲವು ತಿಂಗಳ ಹಿಂದೆ ನಮ್ಮ ಹೊರರೋಗಿ ವಿಭಾಗಕ್ಕೆ ನಲವತ್ತರ ಆಸುಪಾಸಿನ ತಾಯಿಯೊಬ್ಬರು ಬಂದಿದ್ದರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಕೆಲಸ ಅವರದು. ಬಂದದ್ದು ರಕ್ತದೊತ್ತಡ ತೋರಿಸಲು. ಹೋಗುವಾಗ ಬಾಗಿಲ ಬಳಿ ನಿಂತು, "ಸಿಸ್ಟರ್, ಒಂದ ವರ್ಷ ಆತ್ರಿ, ಖಾರ ಬಾಯಿಗೆ ಹತ್ತವಲ್ದು. ಮುಟ್ಟಿಸಿದರ ಸಾಕು ಬೆಂಕಿ ಬಿದ್ದಂಗ ಆಗತೈತಿ. ದಿನಾ ಮೆಣಸಿನಕಾಯಿ ಧೂಳದಾಗ ಕುಂದರತೇನಲ್ರಿ, ಅದ ಬಾಯಾಗ ಹೊಕ್ಕೈತಿ" ಎಂದರು. ಒಂದು ವರ್ಷದಿಂದ ಅವರ ಊಟ ಮಜ್ಜಿಗೆ ಅನ್ನ ಮಾತ್ರ.

"ತಂಬಾಕು ಹಾಕ್ತೀರೇನು ಅಕ್ಕಾ?" ಎಂದು ಕೇಳಿದೆ. "ಇಲ್ರೀ, ಅದನ್ನ ಮುಟ್ಟಂಗಿಲ್ಲ. ಬರೇ ಅಡಿಕಿ" ಎಂದರು. ಬಾಯಿ ತೆರೆಯಲು ಹೇಳಿದೆ. ಎರಡು ಬೆರಳು ಹಿಡಿಯುವಷ್ಟು ಮಾತ್ರ ತೆರೆಯಿತು. ಕೆನ್ನೆಯ ಒಳಭಾಗ ನಸುಗೆಂಪು ಇರುವ ಬದಲು ಬಿಳಿಚಿಕೊಂಡಿತ್ತು. ಎಡಗೆನ್ನೆಯಲ್ಲಿ, ಅಡಿಕೆ ಇಟ್ಟುಕೊಳ್ಳುವ ಜಾಗದಲ್ಲಿಯೇ, ಉಗುರಿನಷ್ಟು ದೊಡ್ಡ ಬಿಳಿ ಮಚ್ಚೆಯೊಂದಿತ್ತು. ಆ ಮಚ್ಚೆ ನೋಯುತ್ತಿರಲಿಲ್ಲ. ಆದ್ದರಿಂದ ಅದು ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅವರಿಗೆ ಮುಂದೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ಅವರ ಬಾಯಿಯಲ್ಲಿ ನಡೆದದ್ದೇನು, ಅದು ನಮ್ಮ ನಿಮ್ಮ ಬಾಯಿಯಲ್ಲೂ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವುದು ಹೇಗೆ ಎಂಬುದನ್ನು ತಿಳಿಯೋಣ.

ವೈದ್ಯರೂ ಒಮ್ಮೆ ಮೆಣಸಿನಕಾಯಿಯನ್ನೇ ಅನುಮಾನಿಸಿದ್ದರು

ಬಾಯಿ ಉರಿಯುವುದು, ಕೆನ್ನೆ ಬಿಗಿಯುವುದು, ಬಾಯಿ ತೆರೆಯಲು ಬಾರದಿರುವುದು, ಈ ತೊಂದರೆಗೆ ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ ಬಾಯಿಯ ಒಳಪೊರೆಯ ಕೆಳಗೆ ನಾರು ಬೆಳೆದು ಬಿಗಿಯುವ ರೋಗ. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರ ಬಾಯಿಯಲ್ಲಿ ಇದನ್ನು ಗುರುತಿಸಿ ಬರೆದರು. ಮರುವರ್ಷ ಮುಂಬೈಯ ವೈದ್ಯ ಜೋಷಿಯವರು ನಮ್ಮ ದೇಶದ ರೋಗಿಗಳಲ್ಲಿ ಇದನ್ನು ವಿವರಿಸಿದರು.

ಆ ಕಾಲದಲ್ಲಿ ಖಾರದ ಮೇಲೆಯೇ ಅನುಮಾನವಿತ್ತು. 1960ರಲ್ಲಿ ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಅನ್ನು ಇಲಿಗಳ ಅಂಗುಳಕ್ಕೆ ಹಚ್ಚಿ ಪರೀಕ್ಷಿಸಿದ್ದೂ ಉಂಟು. ಆದರೆ ಮೆಣಸಿನಕಾಯಿಯ ತವರಾದ ಮೆಕ್ಸಿಕೊದಲ್ಲಿ ಜನ ದಿನವೂ ಖಾರ ತಿನ್ನುತ್ತಾರೆ, ಅಲ್ಲಿ ಈ ರೋಗ ಕಾಣುವುದಿಲ್ಲ. ರೋಗ ಇದ್ದವರನ್ನು ವಿಚಾರಿಸಿದಲ್ಲೆಲ್ಲ ಮತ್ತೆ ಮತ್ತೆ ಸಿಕ್ಕ ಉತ್ತರ ಒಂದೇ, ಅದು ಅಡಿಕೆ. 2004ರಲ್ಲಿ ಪ್ರಕಟವಾದ ವರದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ತಂಬಾಕು ಬೆರೆಸದಿದ್ದರೂ ಅಡಿಕೆಯು ಮನುಷ್ಯನಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಸ್ಪಷ್ಟವಾಗಿ ಹೇಳಿತು.

ನಮ್ಮ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು ಎಂದೇ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಅಂಥ ಮೆಣಸಿನಕಾಯಿಯೂ ಉರಿಯುತ್ತಿದೆ ಎಂದರೆ ಒಳಪೊರೆ ತೆಳುವಾಗಿ ರಕ್ಷಣೆ ಕಳೆದುಕೊಂಡಿದೆ ಎಂದರ್ಥ. ಖಾರ ಅದನ್ನು ನಮಗೆ ತಿಳಿಸುತ್ತದೆ, ಅಷ್ಟೇ. ಖಾರ ಬಿಟ್ಟು ಮಜ್ಜಿಗೆ ಅನ್ನ ಉಂಡರೆ ಉರಿ ತಾಕುವುದಿಲ್ಲ ನಿಜ, ಆದರೆ ಅಡಿಕೆ ಮುಂದುವರಿದರೆ ರೋಗವೂ ಒಳಗೊಳಗೇ ಮುಂದುವರಿಯುತ್ತದೆ.

ಅಡಿಕೆ, ತಂಬಾಕು ಬಾಯಿಯೊಳಗೆ ಮಾಡುವುದೇನು?

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಅಂಶವಿದೆ. ಅಡಿಕೆ ಹಾಕಿದಾಗ ಮೈ ಬೆಚ್ಚಗಾಗಿ ಹುರುಪು ಬರುವುದು ಇದರಿಂದಲೇ. ಇದೇ ಅಂಶ ಒಳಪೊರೆಯ ಕೆಳಗಿನ ಜೀವಕೋಶಗಳನ್ನು ಕೆಣಕಿ ಅಗತ್ಯಕ್ಕಿಂತ ಹೆಚ್ಚು ನಾರು ಹುಟ್ಟಿಸುತ್ತದೆ. ಅಡಿಕೆಯ ಒಗರು ಅಂಶ ಆ ನಾರನ್ನು ಕರಗದಂತೆ ಗಟ್ಟಿ ಮಾಡುತ್ತದೆ. ಮೃದುವಾಗಿ ಹಿಗ್ಗುತ್ತಿದ್ದ ಕೆನ್ನೆ ಒಣಗಿದ ತೊಗಲಿನಂತೆ ಬಿಗಿಯುತ್ತದೆ. ಸುಣ್ಣ ಸೇರಿದರೆ ಒಳಪೊರೆ ಇನ್ನಷ್ಟು ಸವೆಯುತ್ತದೆ. ತಂಬಾಕು ಸೇರಿದರೆ ಕ್ಯಾನ್ಸರ್‌ಕಾರಕ ವಸ್ತುಗಳು ನೇರವಾಗಿ ಅದೇ ಜಾಗಕ್ಕೆ ಇಳಿಯುತ್ತವೆ. ಇದರ ಜೊತೆ ಮದ್ಯಪಾನವೂ ಇದ್ದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಆದಕಾರಣ ಗುಟ್ಕಾ, ಮಾವಾ, ಪಾನ್ ಮಸಾಲಾ, ಎಲೆ ಅಡಿಕೆ ತಂಬಾಕು, ಕಡ್ಡಿಪುಡಿ, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ, ಬೀಡಿ, ಸಿಗರೇಟು, ಇವುಗಳಲ್ಲಿ ಯಾವುದನ್ನು ಬಳಸುವವರಿಗೂ ಈ ಲೇಖನ ಸಂಬಂಧಿಸಿದೆ. ಕರ್ನಾಟಕದಲ್ಲಿ 2013ರ ಮೇ ತಿಂಗಳಿನಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ತಂದು ಅಂಗೈಯಲ್ಲಿ ಬೆರೆಸಿದರೆ ಅದು ಗುಟ್ಕಾ ಅಲ್ಲದೆ ಮತ್ತೇನು? 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಜನ ಯಾವುದಾದರೊಂದು ಬಗೆಯ ತಂಬಾಕು ಬಳಸುತ್ತಿದ್ದುದು ಕಂಡುಬಂತು. 2022ರ ಅಂದಾಜಿನಂತೆ ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದೇ. ಆ ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಅದು ಬಂದಿದೆ.

ಕ್ಯಾನ್ಸರ್‌ಗಿಂತ ಮುಂಚೆ ಕಾಣುವ ಗುರುತುಗಳು

ಹೊಟ್ಟೆಯೊಳಗಿನ ರೋಗ ನಮ್ಮ ಕಣ್ಣಿಗೆ ಕಾಣದು. ಬಾಯಿ ಹಾಗಲ್ಲ, ತೆರೆದರೆ ಕಾಣುತ್ತದೆ. ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಒಂದೇ ದಿನಕ್ಕೆ ಬರುವಂಥದ್ದಲ್ಲ. ಎಷ್ಟೋ ಜನರಲ್ಲಿ ಹಲವು ವರ್ಷ ಮೊದಲೇ ಕೆಳಗಿನ ಗುರುತುಗಳಲ್ಲಿ ಒಂದಾದರೂ ಕಾಣಿಸಿಕೊಂಡಿರುತ್ತದೆ.

ಬಿಳಿ ಮಚ್ಚೆ: ಕೆನ್ನೆ, ನಾಲಿಗೆ, ವಸಡು ಅಥವಾ ತುಟಿಯ ಒಳಗೆ ಉಜ್ಜಿದರೂ ಹೋಗದ ಬಿಳಿ ಪಟ್ಟಿ. ಇದಕ್ಕೆ ಲ್ಯುಕೋಪ್ಲೇಕಿಯಾ ಎನ್ನುತ್ತಾರೆ. ಬಿಳಿ ಮಚ್ಚೆ ಇರುವವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಹೆಚ್ಚಿನವು ಹಾಗೆಯೇ ಉಳಿಯುತ್ತವೆ, ಕೆಲವು ಚಟ ಬಿಟ್ಟ ಮೇಲೆ ಮಾಯವೂ ಆಗುತ್ತವೆ. ಯಾವುದು ತಿರುಗುತ್ತದೆ, ಯಾವುದು ತಿರುಗುವುದಿಲ್ಲ ಎಂದು ಬರಿಗಣ್ಣಿನಿಂದ ಹೇಳಲಾಗದು. ಆದ್ದರಿಂದ ಎಲ್ಲವನ್ನೂ ತೋರಿಸಬೇಕು.

ಕೆಂಪು ಮಚ್ಚೆ: ಮಖಮಲ್ಲಿನಂತೆ ಕಾಣುವ ಕೆಂಪು ಪಟ್ಟಿ, ಅಥವಾ ಕೆಂಪು ಬಿಳಿ ಬೆರೆತ ಮಚ್ಚೆ. ಇದು ಅಪರೂಪ, ಆದರೆ ಬಿಳಿ ಮಚ್ಚೆಗಿಂತ ಹೆಚ್ಚು ಅಪಾಯದ್ದು. ಇದನ್ನು ಕಂಡರೆ ತಡಮಾಡದೆ ಬರಬೇಕು.

ಉರಿ ಮತ್ತು ಬಿಗಿತ: ಖಾರ ತಾಳದಿರುವುದು, ಕೆನ್ನೆ ಬಿಳಿಚುವುದು, ಒಳಗೆ ಹಗ್ಗದಂಥ ಪಟ್ಟಿ ಕೈಗೆ ಸಿಗುವುದು, ನಾಲಿಗೆ ಹೊರಚಾಚಲು ಕಷ್ಟ, ಸಿಳ್ಳೆ ಹಾಕಲು ಅಥವಾ ಒಲೆ ಊದಲು ಬಾರದಿರುವುದು, ದೊಡ್ಡ ತುತ್ತು ಹಿಡಿಸದಿರುವುದು.

ಮಾಯದ ಹುಣ್ಣು: ಎರಡು ವಾರ ಕಳೆದರೂ ಮಾಯದ ಹುಣ್ಣು, ಗಂಟು, ಅಂಚು ಗಟ್ಟಿಯಾದ ಗಾಯ, ಮುಟ್ಟಿದರೆ ರಕ್ತ ಬರುವ ಜಾಗ, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯಲ್ಲಿ ಗಡ್ಡೆ. ಇವು ಕ್ಯಾನ್ಸರ್‌ನ ಗುರುತೂ ಆಗಿರಬಹುದು.

ಒಂದು ಮಾತು ಚೆನ್ನಾಗಿ ನೆನಪಿಡಿ. ಈ ಮಚ್ಚೆಗಳು ಆರಂಭದಲ್ಲಿ ನೋಯುವುದಿಲ್ಲ. "ನೋವಿಲ್ಲ, ಹಾಗಾದರೆ ಏನೂ ಇಲ್ಲ" ಎಂಬ ಲೆಕ್ಕ ಬಾಯಿಯ ವಿಷಯದಲ್ಲಿ ತಪ್ಪಾಗುತ್ತದೆ. ನೋವು ಶುರುವಾಗುವವರೆಗೆ ಕಾದವರೇ ತಡವಾಗಿ ಆಸ್ಪತ್ರೆಗೆ ಬರುತ್ತಾರೆ.

ಎಲ್ಲದಕ್ಕೂ ಹೆದರಬೇಕಾಗಿಲ್ಲ

ಪರೀಕ್ಷೆ ಬರೆಯುವ ಮಕ್ಕಳಿಗೆ, ನಿದ್ದೆಗೆಟ್ಟವರಿಗೆ, ಜೀವಸತ್ವದ ಕೊರತೆ ಇರುವವರಿಗೆ ಬರುವ ಸಣ್ಣ ಹುಣ್ಣುಗಳು ತುಂಬಾ ನೋಯುತ್ತವೆ, ಆದರೆ ವಾರ ಹತ್ತು ದಿನಗಳಲ್ಲಿ ತಾವಾಗಿಯೇ ಮಾಯುತ್ತವೆ. ಮೊಸರಿನ ಕೆನೆಯಂತೆ ಇದ್ದು ಒರೆಸಿದರೆ ಬರುವ ಬಿಳಿ ಪದರ ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು. ಹಲ್ಲು ಕೂಡುವ ನೇರದಲ್ಲಿ ಕೆನ್ನೆಯೊಳಗೆ ಕಾಣುವ ತೆಳು ಬಿಳಿ ಗೆರೆ ಅನೇಕರಿಗೆ ಸಹಜ. ಮೊನಚಾದ ಹಲ್ಲು ಅಥವಾ ಸರಿಯಾಗಿ ಕೂಡದ ಹಲ್ಲಿನ ಸೆಟ್ ತಾಗಿಯೂ ಹುಣ್ಣಾಗುತ್ತದೆ. ಅಂಥ ಹಲ್ಲನ್ನು ಸರಿಪಡಿಸಿದ ಮೇಲೆಯೂ ಎರಡು ವಾರದಲ್ಲಿ ಹುಣ್ಣು ಮಾಯದಿದ್ದರೆ ಮತ್ತೆ ತೋರಿಸಬೇಕು. ಹೆದರಿಕೆಯಿಂದ ದಿನಕ್ಕೆ ಹತ್ತು ಸಲ ಬಾಯಿ ನೋಡಿಕೊಳ್ಳುವುದು ಬೇಡ. ಎರಡು ವಾರದ ಲೆಕ್ಕ ಇಟ್ಟುಕೊಂಡರೆ ಸಾಕು.

ತಿಂಗಳಿಗೊಮ್ಮೆ ಐದು ನಿಮಿಷ

ನೆನಪಿಗೆ ಸುಲಭವಾಗಲೆಂದು ಅಮಾವಾಸ್ಯೆಯ ದಿನವನ್ನೋ ಸಂಬಳದ ದಿನವನ್ನೋ ಗೊತ್ತು ಮಾಡಿಕೊಳ್ಳಿ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಹಲ್ಲಿನ ಸೆಟ್ ಇದ್ದರೆ ತೆಗೆದಿಟ್ಟು, ಬೆಳಕಿನಲ್ಲಿ ಕನ್ನಡಿ ಹಿಡಿದು ನಿಲ್ಲಿ. ಮೊಬೈಲ್ ಫೋನಿನ ಬ್ಯಾಟರಿ ಬೆಳಕೂ ಆಗುತ್ತದೆ.

1. ತುಟಿ: ಮೇಲ್ದುಟಿ, ಕೆಳದುಟಿಗಳನ್ನು ಮಡಚಿ ಒಳಭಾಗ ಮತ್ತು ವಸಡು ನೋಡಿ.

2. ಕೆನ್ನೆ: ಬೆರಳಿನಿಂದ ಕೆನ್ನೆಯನ್ನು ಹೊರಗೆ ಎಳೆದು ಎರಡೂ ಕಡೆ ಹಿಂದಿನ ಹಲ್ಲಿನವರೆಗೆ ನೋಡಿ. ಅಡಿಕೆ, ತಂಬಾಕು ಇಡುವ ಜಾಗವನ್ನು ವಿಶೇಷವಾಗಿ ನೋಡಿ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಗಟ್ಟಿ ಪಟ್ಟಿ ಇದೆಯೇ ಎಂದು ತಡವಿ.

3. ನಾಲಿಗೆ: ಹೊರಚಾಚಿ ಮೇಲ್ಭಾಗ ನೋಡಿ. ಶುಭ್ರ ಬಟ್ಟೆಯಿಂದ ತುದಿ ಹಿಡಿದು ಎಡಕ್ಕೂ ಬಲಕ್ಕೂ ಎಳೆದು ಅಂಚುಗಳನ್ನು ನೋಡಿ.

4. ನಾಲಿಗೆಯ ಕೆಳಗೆ: ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ ಕೆಳಗಿನ ಭಾಗ ನೋಡಿ. ಕ್ಯಾನ್ಸರ್ ಅಡಗಿಕೊಳ್ಳುವ ಜಾಗಗಳಲ್ಲಿ ಇದೂ ಒಂದು.

5. ಅಂಗುಳ: ತಲೆ ಹಿಂದಕ್ಕೆ ಬಾಗಿಸಿ "ಆ" ಎನ್ನುತ್ತ ಅಂಗುಳ ಮತ್ತು ಗಂಟಲಿನ ಬಾಯಿ ನೋಡಿ.

6. ಕುತ್ತಿಗೆ: ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿ ಬೆರಳಾಡಿಸಿ ಗಂಟು ಇದೆಯೇ ನೋಡಿ.

7. ಮೂರು ಬೆರಳಿನ ಪರೀಕ್ಷೆ: ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಸಾಮಾನ್ಯವಾಗಿ ಮೂರೂ ಬೆರಳು ಹಿಡಿಯಬೇಕು. ಹಿಡಿಯದಿದ್ದರೆ ವೈದ್ಯರಿಗೆ ತೋರಿಸಿ.

ಕಣ್ಣು ಮಂಜಾದ ಹಿರಿಯರಿಗೆ ಮನೆಯ ಸೊಸೆ, ಮಗ ಅಥವಾ ಮೊಮ್ಮಕ್ಕಳು ನೋಡಬಹುದು. ಗಂಡ ಹೆಂಡತಿ ಒಬ್ಬರಿಗೊಬ್ಬರು ನೋಡಬಹುದು. ಮನೆಯವರು ನೋಡಿದರೆ ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗುತ್ತದೆ. ಆದರೆ ಸ್ವಯಂ ಪರೀಕ್ಷೆ ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಚಟ ಇರುವವರು ಮಚ್ಚೆ ಕಾಣದಿದ್ದರೂ ಆಗಾಗ ವೈದ್ಯರಿಗೆ ಬಾಯಿ ತೋರಿಸುವುದು ಒಳ್ಳೆಯದು.

ನೋಡುವುದರಿಂದ ಜೀವ ಉಳಿಯುತ್ತದೆಯೇ?

ಉಳಿಯುತ್ತದೆ, ಮತ್ತು ಇದನ್ನು ನಮ್ಮ ನೆರೆಯ ಕೇರಳದಲ್ಲಿಯೇ ಪರೀಕ್ಷಿಸಿ ನೋಡಿದ್ದಾರೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಜನರ ಬಾಯಿ ನೋಡಿದರು. ಅವರು ವೈದ್ಯರಲ್ಲ. ಮಚ್ಚೆ ಕಂಡವರನ್ನು ವೈದ್ಯರ ಬಳಿ ಕಳಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರ ಪೈಕಿ ಹೀಗೆ ಬಾಯಿ ನೋಡಿದ ಊರುಗಳಲ್ಲಿ ಬಾಯಿಯ ಕ್ಯಾನ್ಸರ್‌ನಿಂದಾಗುವ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿದ್ದುದು ತಿಳಿಯಿತು. ನಮ್ಮ ರಾಜ್ಯದಲ್ಲಿಯೂ ಬೆಂಗಳೂರಿನ ಕೆ.ಎಲ್.ಇ. ದಂತ ವೈದ್ಯಕೀಯ ಕಾಲೇಜಿನ ತಜ್ಞರು ಮತ್ತು ಅವರ ಜೊತೆಗಾರ ಸಂಸ್ಥೆಗಳು, ಆರೋಗ್ಯ ಕಾರ್ಯಕರ್ತೆಯರು ಮೊಬೈಲ್ ಫೋನಿನಲ್ಲಿ ತೆಗೆದ ಬಾಯಿಯ ಚಿತ್ರಗಳನ್ನು ದೂರದಿಂದಲೇ ನೋಡಿ ರೋಗ ಗುರುತಿಸುವ ಪ್ರಯೋಗ ನಡೆಸಿ, 2015ರಲ್ಲಿ ಅದರ ವರದಿ ಪ್ರಕಟಿಸಿದ್ದಾರೆ. ದೊಡ್ಡ ಯಂತ್ರ ಬೇಕಿಲ್ಲ. ಬೆಳಕು, ಕಣ್ಣು ಮತ್ತು ತೆರೆದ ಬಾಯಿ ಇದ್ದರೆ ಕೆಲಸ ಶುರುವಾಗುತ್ತದೆ.

ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಜೊತೆ ಬಾಯಿಯ ಕ್ಯಾನ್ಸರ್ ತಪಾಸಣೆಯೂ ಸೇರಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ತಂಬಾಕು, ಅಡಿಕೆ ಬಗ್ಗೆ ಕೇಳಿದಾಗ ಮುಚ್ಚಿಡದೆ ಹೇಳಿ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಾಯಿ ತೋರಿಸಿ.

ಬಯಾಪ್ಸಿ ಎಂದರೆ ಅಂಜಿಕೆ ಬೇಡ

ಮಚ್ಚೆ ಸಂಶಯಾಸ್ಪದ ಎನಿಸಿದರೆ ಆ ಜಾಗ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟು, ಅಕ್ಕಿಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇದಕ್ಕೇ ಬಯಾಪ್ಸಿ ಎನ್ನುವುದು. "ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಮಾತನ್ನು ನಾನು ಪ್ರತಿ ವಾರ ಕೇಳುತ್ತೇನೆ. ಅದು ನಿಜವಲ್ಲ. ತಡಮಾಡುವುದರಿಂದ ಹರಡುತ್ತದೆಯೇ ಹೊರತು ಪರೀಕ್ಷೆಯಿಂದ ಹರಡುವುದಿಲ್ಲ.

ಜೀವಕೋಶಗಳು ತಮ್ಮ ರೂಪ ಕೆಡಿಸಿಕೊಂಡಿವೆಯೇ, ಕೆಡಿಸಿಕೊಂಡಿದ್ದರೆ ಎಷ್ಟು ಎಂಬುದು ಬಯಾಪ್ಸಿಯಿಂದ ಗೊತ್ತಾಗುತ್ತದೆ. ಅಲ್ಪ ಬದಲಾವಣೆ ಇದ್ದರೆ ಚಟ ಬಿಡಿಸಿ, ಮೂರು ಅಥವಾ ಆರು ತಿಂಗಳಿಗೊಮ್ಮೆ ನೋಡುತ್ತಾರೆ. ಬೇಕೆನಿಸಿದರೆ ಶಸ್ತ್ರಚಿಕಿತ್ಸೆ ಅಥವಾ ಲೇಸರ್‌ನಿಂದ ಮಚ್ಚೆ ತೆಗೆಯುತ್ತಾರೆ. ಬಾಯಿ ಬಿಗಿದವರಿಗೆ ಔಷಧ, ಇಂಜೆಕ್ಷನ್, ಬಾಯಿ ತೆರೆಯುವ ವ್ಯಾಯಾಮ ಹೇಳುತ್ತಾರೆ. ಬಿಗಿದ ನಾರು ಪೂರ್ತಿ ಮೊದಲಿನಂತಾಗುವುದಿಲ್ಲ. ಅಡಿಕೆ ಬಿಟ್ಟರೆ ಉರಿ ಕಡಿಮೆಯಾಗುತ್ತದೆ, ಬಿಗಿತ ಹೆಚ್ಚುವುದು ನಿಲ್ಲುವ ಅವಕಾಶವಿರುತ್ತದೆ. ಬೇಗ ಬಂದಷ್ಟೂ ಲಾಭ ಹೆಚ್ಚು.

ಹೆಚ್ಚಿನ ಪರೀಕ್ಷೆ ಬೇಕಾದವರಿಗೆ ಹಾವೇರಿಯ ಜಿಲ್ಲಾಸ್ಪತ್ರೆ, ಧಾರವಾಡ ಮತ್ತು ದಾವಣಗೆರೆಯ ದಂತ ವೈದ್ಯಕೀಯ ಕಾಲೇಜುಗಳು, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಸಿಗುತ್ತದೆ. ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಯಲ್ಲಿರಲಿ.

ಬಿಡುವುದು ಹೇಗೆ?

ಎಲೆ ಅಡಿಕೆ ನಮ್ಮಲ್ಲಿ ಶುಭಕಾರ್ಯಕ್ಕೆ ಬೇಕು, ಬಂದವರಿಗೆ ಕೊಡುವ ಮರ್ಯಾದೆಯೂ ಹೌದು. ನಮ್ಮ ಜಿಲ್ಲೆಯ ಎಷ್ಟೋ ರೈತರ ಬೆಳೆಯೂ ಹೌದು. ತಾಂಬೂಲ ಕೊಡುವುದನ್ನು, ಪೂಜೆಗೆ ಇಡುವುದನ್ನು ಯಾರೂ ಬೇಡ ಎನ್ನುವುದಿಲ್ಲ. ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಳ್ಳುವುದು ಬೇಡ ಎಂಬುದಷ್ಟೇ ನಮ್ಮ ಪ್ರಾರ್ಥನೆ.

ಬಿಡುವ ದಿನವೊಂದನ್ನು ಗೊತ್ತು ಮಾಡಿ ಮನೆಯವರಿಗೆ ತಿಳಿಸಿ. ಜೇಬು, ಸಂಚಿ, ದಿಂಬಿನ ಕೆಳಗಿನ ಪಾಕೀಟುಗಳನ್ನು ಎಸೆಯಿರಿ. ಮೊದಲ ಕೆಲವು ದಿನ ತಲೆನೋವು, ಸಿಟ್ಟು, ನಿದ್ದೆ ಬಾರದಿರುವುದು ಸಹಜ. ಕೆಲವು ವಾರಗಳಲ್ಲಿ ಅದು ತಗ್ಗುತ್ತದೆ. ಬೇಕೆಂಬ ಸೆಳೆತ ಬಂದಾಗ ಹತ್ತು ನಿಮಿಷ ಮುಂದೂಡಿ, ನೀರು ಕುಡಿಯಿರಿ, ಸ್ವಲ್ಪ ಜೀರಿಗೆ ಅಥವಾ ಬಡೇಸೋಪು ಅಗಿಯಿರಿ. ತಂಬಾಕು ಬಿಟ್ಟು ಅದರ ಬದಲಿಗೆ ಸುವಾಸನೆಯ ಅಡಿಕೆ ಪುಡಿ ಹಿಡಿಯಬೇಡಿ. ಒಮ್ಮೆ ಜಾರಿದರೆ ಎಲ್ಲ ಮುಗಿಯಿತು ಎಂದುಕೊಳ್ಳದೆ ಮರುದಿನ ಮತ್ತೆ ಶುರು ಮಾಡಿ. ತಂಬಾಕು ಬಿಡಲು ನೆರವು ಬೇಕಾದವರು ರಾಷ್ಟ್ರೀಯ ಉಚಿತ ದೂರವಾಣಿ 1800-11-2356ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಮಕ್ಕಳ ಬಗ್ಗೆ ಒಂದು ಮಾತು. 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ಕಾಯ್ದೆಯಂತೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಅಂಗಡಿಗೆ ಹೋಗಿ ನಿಮಗಾಗಿ ಪಾಕೀಟು ತರಲು ಮಕ್ಕಳನ್ನು ಕಳಿಸಬೇಡಿ. ತರುವ ಕೈ ಒಂದು ದಿನ ರುಚಿಯನ್ನೂ ನೋಡುತ್ತದೆ. "ತಂಬಾಕಿಲ್ಲ, ಬರೀ ಸಿಹಿ ಅಡಿಕೆ" ಎಂದು ಅಲಕ್ಷಿಸಬೇಡಿ.

ಆ ತಾಯಿಗೆ ಏನಾಯಿತು?

ಅವರನ್ನು ಬಯಾಪ್ಸಿಗೆ ಕಳಿಸಿದೆವು. ಎರಡು ವಾರ ಅವರು ಹೋಗಲೇ ಇಲ್ಲ. ಕೂಲಿ ತಪ್ಪುತ್ತದೆ ಎಂಬ ಚಿಂತೆ ಒಂದು, ಕತ್ತರಿಯ ಅಂಜಿಕೆ ಇನ್ನೊಂದು. ಕೊನೆಗೆ ಅವರ ಮಗಳು ರಜೆ ಹಾಕಿ ಕರೆದುಕೊಂಡು ಹೋದಳು. ಕ್ಯಾನ್ಸರ್ ಇರಲಿಲ್ಲ. ಆದರೆ ಜೀವಕೋಶಗಳು ಬದಲಾಗಲು ಶುರುವಾಗಿದ್ದವು. ಮಚ್ಚೆಯನ್ನು ತೆಗೆದರು. ಅಡಿಕೆ ಬಿಡಲು ಅವರಿಗೆ ಮೂರು ಸಲ ಪ್ರಯತ್ನ ಬೇಕಾಯಿತು. ಈಗ ಮೂರು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಾರೆ. ಬಾಯಿ ಇನ್ನೂ ಎರಡೂವರೆ ಬೆರಳೇ ತೆರೆಯುತ್ತದೆ. ಅದು ಮೂರಾಗದೆ ಇರಬಹುದು ಎಂದು ಅವರಿಗೆ ಹೇಳಿದ್ದೇವೆ. ಮಚ್ಚೆ ತೆಗೆದಿದ್ದರೂ ಎಚ್ಚರಿಕೆ ಜೀವನಪೂರ್ತಿ ಬೇಕು ಎಂದೂ ಹೇಳಿದ್ದೇವೆ.

ಕಳೆದ ಸಲ ಬಂದಾಗ, "ಸಿಸ್ಟರ್, ರೊಟ್ಟಿಗೆ ಸ್ವಲ್ಪ ಹಿಂಡಿ ಹಚ್ಕೊಂಡು ತಿಂದೆ. ಉರೀಲಿಲ್ರಿ" ಎಂದರು.

ಬಂಧುಗಳೇ, ಈ ಪುಸ್ತಿಕೆಯನ್ನು ಕೆಳಗಿಡುವ ಮೊದಲು ಮೂರು ಬೆರಳು ಜೋಡಿಸಿ ಬಾಯಿಗೆ ಇಟ್ಟು ನೋಡಿ. ಪಕ್ಕದಲ್ಲಿ ಕುಳಿತವರಿಗೂ ಹೇಳಿ. ಹಿಡಿಯದಿದ್ದರೆ, ಅಥವಾ ಮಾಯದ ಮಚ್ಚೆ, ಹುಣ್ಣು ಇದ್ದರೆ, ಬೇರೆ ಯಾವ ಕಾಯಿಲೆಗೆ ಬಂದಿದ್ದರೂ ಸರಿ, ಇವತ್ತೇ ನಮ್ಮಲ್ಲಿ ಯಾರಾದರೂ ಒಬ್ಬ ಸಿಸ್ಟರ್‌ಗೆ ತಿಳಿಸಿ. ಅಡಿಕೆ ಹಾಕುತ್ತೀರೆಂದು ಇಲ್ಲಿ ಯಾರೂ ಬೈಯುವುದಿಲ್ಲ. ಬಾಯಿ ತೆರೆದು ತೋರಿಸಿ, ಉಳಿದದ್ದನ್ನು ಕೂಡಿಯೇ ನೋಡೋಣ.